ಕೇಳಿ ಅಕ್ಕಾ: ಸಿನಿಮಾಕ್ಕೂ ಒಂದು ಉತಾರ ಬೇಕು

ಹೋದ ಸಂಚಿಕೆಯಲ್ಲಿ ಆಫ್ರಿಕಾದ ಸಿನಿಮಾ ಮಂದಿ ಹೊರದೇಶದವರ ಜೊತೆ ಪಾಲುದಾರರಾಗಿ ಹೇಗೆ ಸಿನಿಮಾ ಮಾಡುತ್ತಿದ್ದಾರೆ ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವು. ಸುತ್ತಿ ಬಳಸಿ ಎಲ್ಲರೂ ಕೇಳಿದ್ದು ಒಂದೇ. ಅವರಿಗೆ ಆಗಿದ್ದು ನಮಗೆ ಯಾಕೆ ಆಗಬಾರದು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಅಕ್ಕಾ, ನಾವು ಮೂವರು ಗೆಳೆಯರು ಸೇರಿ ಯೂಟ್ಯೂಬಿಗೆ ನಾಲ್ಕು ಕಿರುಚಿತ್ರ ಮಾಡಿದ್ದೇವೆ. ಈಗ ದೊಡ್ಡ ಸಿನಿಮಾ ಮಾಡುವ ಆಸೆ. ಸೆನೆಗಲ್, ಟುನೀಶಿಯಾದವರಿಗೆ ಫ್ರಾನ್ಸ್, ಜರ್ಮನಿಯವರು ರೊಕ್ಕ ಕೊಡುತ್ತಾರೆ ಅಂತ ಬರೆದಿದ್ದಿರಿ. ಅವರು ಸುಮ್ನೆ ಯಾಕೆ ಕೊಡುತ್ತಾರೆ? ನಮಗೂ ಕೊಡುತ್ತಾರಾ? — ಮುಧೋಳದ ಓದುಗ

ತಮ್ಮಾ, ಸುಮ್ನೆ ಯಾರೂ ಕೊಡುವುದಿಲ್ಲ. ಬರ್ಲಿನ್ ಚಿತ್ರೋತ್ಸವದವರು 2004ರಲ್ಲಿ ವರ್ಲ್ಡ್ ಸಿನಿಮಾ ಫಂಡ್ ಅಂತ ಶುರು ಮಾಡಿದರು. ಸಿನಿಮಾಕ್ಕೆ ಬಂಡವಾಳ ಸಿಗದ ದೇಶಗಳ ನಿರ್ದೇಶಕರಿಗೆ ಅಂತಲೇ ಇರುವ ನಿಧಿ ಅದು. ಆದರೆ ಜರ್ಮನಿಯ ಒಬ್ಬ ನಿರ್ಮಾಪಕ ನಿನ್ನ ಜೊತೆ ಇರಲೇಬೇಕು. ಫ್ರಾನ್ಸ್ ಸರ್ಕಾರದ ನಿಧಿಯೂ ಹೀಗೇ, ಅಲ್ಲಿನ ಕಂಪನಿಯೊಂದು ಪಾಲುದಾರ ಆಗಿರಬೇಕು. ಬಂದ ಹಣದಲ್ಲಿ ಒಂದಿಷ್ಟು ಎಡಿಟಿಂಗ್, ಸೌಂಡ್ ಮಿಕ್ಸಿಂಗ್, ಕಲರ್ ಕೆಲಸದ ರೂಪದಲ್ಲಿ ಅಲ್ಲಿನ ತಂತ್ರಜ್ಞರ ಕೈಗೇ ಹೋಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ನಮ್ಮ ಕಡೆ ಪಾಲಿಗೆ ಹೊಲ ಮಾಡುತ್ತಾರಲ್ವಾ, ಒಬ್ಬರ ಹೊಲ, ಇನ್ನೊಬ್ಬರ ಬೀಜ ಗೊಬ್ಬರ, ಬೆಳೆ ಬಂದ ಮೇಲೆ ಮೊದಲೇ ಮಾತಾಡಿದ ಹಾಗೆ ಪಾಲು. ಇದೂ ಅದೇ.

ಇನ್ನು ನಿಮಗೆ ಕೊಡುತ್ತಾರಾ ಅಂದರೆ, ಒಂದೊಂದು ನಿಧಿಗೂ ಯಾವ ದೇಶದವರು ಅರ್ಜಿ ಹಾಕಬಹುದು ಅಂತ ಪಟ್ಟಿ ಇರುತ್ತದೆ, ಮೊದಲು ಅದನ್ನು ನೋಡಿ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ ನಮ್ಮ ದೇಶದ ಎಷ್ಟೋ ಸಿನಿಮಾಗಳ ಕೈ ಹಿಡಿದಿದೆ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪ್ರಶಸ್ತಿ ಗೆದ್ದ ಪಾಯಲ್ ಕಪಾಡಿಯಾ ಅವರ ಸಿನಿಮಾ ಫ್ರಾನ್ಸ್, ಭಾರತ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೇರಿ ಮಾಡಿದ್ದು, ಅದಕ್ಕೂ ಈ ಫಂಡ್ ಸಿಕ್ಕಿತ್ತು. ಭಾರತಕ್ಕೆ ಫ್ರಾನ್ಸ್, ಜರ್ಮನಿ, ಇಟಲಿ, ಬ್ರಿಟನ್, ಕೆನಡಾ, ಬ್ರೆಜಿಲ್ ಜೊತೆ ಜಂಟಿ ನಿರ್ಮಾಣದ ಸರ್ಕಾರಿ ಒಪ್ಪಂದಗಳಿವೆ. ಆ ಒಪ್ಪಂದದಡಿ ಮಾಡಿದ ಸಿನಿಮಾ ಎರಡೂ ದೇಶದಲ್ಲಿ ಸ್ವಂತ ಸಿನಿಮಾ ಅನ್ನಿಸಿಕೊಳ್ಳುತ್ತದೆ, ಎರಡೂ ಕಡೆಯ ಸೌಲಭ್ಯ ಸಿಗುತ್ತದೆ.

ಆದರೆ ಹೊರಗಿನ ಪಾಲುದಾರ ಮೊದಲು ಕೇಳುವುದು ಕತೆಯನ್ನಲ್ಲ, ಕಾಗದವನ್ನು. ಹೊಲ ಕೊಳ್ಳುವವರು ಮೊದಲು ಉತಾರ, ಅಂದರೆ ಪಹಣಿ, ತೆಗೆಸಿ ನೋಡುತ್ತಾರಲ್ವಾ? ಸಿನಿಮಾಕ್ಕೂ ಒಂದು ಉತಾರ ಬೇಕು. ಕತೆ ಬರೆದವರು ನಿಮಗೆ ಬರೆದುಕೊಟ್ಟ ಪತ್ರ, ಹಾಡು ಮಾಡಿದವರ ಪತ್ರ, ಕಲಾವಿದರ ಒಪ್ಪಂದ, ಕತೆ ಕಾದಂಬರಿಯಿಂದ ತಗೊಂಡಿದ್ದರೆ ಅದರ ಹಕ್ಕಿನ ಪತ್ರ. ನಿಮ್ಮ ನಾಲ್ಕು ಕಿರುಚಿತ್ರಗಳಿಗೆ ಇವು ಇವೆಯಾ? ಮೂವರು ಗೆಳೆಯರ ನಡುವೆ ಯಾರದು ಎಷ್ಟು ಪಾಲು ಅಂತ ಒಂದು ಹಾಳೆ ಆದರೂ ಇದೆಯಾ? ಇಲ್ಲ ಅಂದರೆ ಈ ವಾರ ಅದನ್ನು ಮಾಡಿ. ಗೆಳೆತನ ಚೆನ್ನಾಗಿರುವಾಗಲೇ ಮಾಡಬೇಕಾದ ಕೆಲಸ ಇದು.

ಇನ್ನೊಂದು ಮಾತು. ಕುಗಾಲಿ ಅಂತ ಒಂದು ಕಂಪನಿ ಇದೆ. ನೈಜೀರಿಯಾ, ಉಗಾಂಡಾ ಮೂಲದ ಮೂವರು ಹುಡುಗರು ಕಟ್ಟಿದ್ದು. ಆಫ್ರಿಕಾದ ಕತೆಗಳ ಕಾಮಿಕ್ಸ್ ಮಾಡುತ್ತಿದ್ದರು. 2019ರಲ್ಲಿ ಬಿಬಿಸಿ ಜೊತೆ ಮಾತಾಡುವಾಗ ಡಿಸ್ನಿಯನ್ನೇ ಸೋಲಿಸುತ್ತೇವೆ ಅಂದರು. ಅದನ್ನು ನೋಡಿ ಡಿಸ್ನಿಯವರೇ ಇವರನ್ನು ಹುಡುಕಿಕೊಂಡು ಬಂದರು. 2024ರಲ್ಲಿ ನೈಜೀರಿಯಾದ ಲಾಗೋಸ್ ನಗರದ ಕತೆ ಇಟ್ಟುಕೊಂಡು ಇಬ್ಬರೂ ಸೇರಿ ಮಾಡಿದ 'ಇವಾಜು' ಸರಣಿ ಬಂತು. ಬರೀ ಮಾತಿಗೆ ಬಂದರು ಅಂದುಕೊಳ್ಳಬೇಡ ತಮ್ಮಾ, ತೋರಿಸಲಿಕ್ಕೆ ಅವರ ಕೈಯಲ್ಲಿ ವರ್ಷಗಳ ಕೆಲಸ ಇತ್ತು.

ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಸಿನಿಮಾ ಮಾಡುತ್ತೇನೆ ಅನ್ನುತ್ತಾನೆ. ಆಫ್ರಿಕಾದಲ್ಲಿ ಆದರೂ ಇದರ ಮೇಲೆ ಮನೆ ನಡೆಸುವವರು ಇದ್ದಾರಾ? ನಿಜ ಹೇಳಿ. — ವಿಜಯಪುರದ ತಾಯಿ

ಇದ್ದಾರೆ ಅಮ್ಮಾ. ಆಫ್ರಿಕಾದಲ್ಲಿ ಸಿನಿಮಾ ಮತ್ತು ದೃಶ್ಯಮಾಧ್ಯಮದಿಂದ ಸುಮಾರು 50 ಲಕ್ಷ ಜನಕ್ಕೆ ಕೆಲಸ ಇದೆ ಅಂತ ಯುನೆಸ್ಕೊ 2021ರ ವರದಿಯಲ್ಲಿ ಹೇಳಿದೆ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಅಲ್ಲಿ ಸುಮಾರು 7 ಲಕ್ಷ 87 ಸಾವಿರ ಜನಕ್ಕೆ ಒಂದೇ ಪರದೆ. ಇಷ್ಟು ಕಡಿಮೆ ಥಿಯೇಟರ್ ಇಟ್ಟುಕೊಂಡು ಅವರು ಹೇಗೆ ಬದುಕಿದರು ಅನ್ನುವುದೇ ನನಗೆ ದೊಡ್ಡ ವಿಷಯ ಅನ್ನಿಸುತ್ತದೆ.

ನೈಜೀರಿಯಾದಲ್ಲಿ 1992ರಲ್ಲಿ ಕೆನೆತ್ ನೆಬುವೆ ಅನ್ನುವ ಕ್ಯಾಸೆಟ್ ವ್ಯಾಪಾರಿ 'ಲಿವಿಂಗ್ ಇನ್ ಬಾಂಡೇಜ್' ಅಂತ ಒಂದು ಸಿನಿಮಾ ಮಾಡಿದ. ಥಿಯೇಟರಿಗೆ ಹೋಗಲೇ ಇಲ್ಲ, ನೇರ ವಿಡಿಯೊ ಕ್ಯಾಸೆಟ್ ಮಾಡಿ ಅಂಗಡಿಯಲ್ಲಿ ಮಾರಿದ. ನಾಲಿವುಡ್ ಅಂತ ಇವತ್ತು ನಾವು ಕರೆಯುವುದು ಆ ದಾರಿಯಲ್ಲೇ ಬೆಳೆದದ್ದು. ಯಾವ ವಿದೇಶಿ ನಿಧಿಯೂ ಇರಲಿಲ್ಲ, ಅಂಗಡಿಯವರ ರೊಕ್ಕ, ನೋಡುವವರ ರೊಕ್ಕ ಅಷ್ಟೇ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಟೆಂಟ್ ಹಾಕಿ ವಾರಗಟ್ಟಲೆ ಆಟ ಆಡುತ್ತಾವಲ್ವಾ, ಇವತ್ತಿನ ಕಲೆಕ್ಷನ್‌ನಲ್ಲಿ ನಾಳೆಯ ಅಡುಗೆ. ಆ ಲೆಕ್ಕ ಗೊತ್ತಿದ್ದವರು ಉಳಿದುಕೊಂಡರು.

ಹೊರಗಿನ ದುಡ್ಡನ್ನೇ ನಂಬಿದವರ ಕತೆ ಬೇರೆ. ದೊಡ್ಡ ಓಟಿಟಿ ಕಂಪನಿಗಳು ಬಂದಾಗ ಲಾಗೋಸ್‌ನಲ್ಲಿ ಎಲ್ಲರಿಗೂ ಖುಷಿ. ಆದರೆ 2024ರ ಜನವರಿಯಲ್ಲಿ ಅಮೆಜಾನ್ ಪ್ರೈಮ್ ಆಫ್ರಿಕಾದಲ್ಲಿ ಹೊಸ ಕೆಲಸ ಕೊಡುವುದನ್ನೇ ನಿಲ್ಲಿಸಿತು. ಅವರ ಒಂದು ನಿರ್ಧಾರ, ಅಲ್ಲಿ ಎಷ್ಟೋ ಜನರ ಕ್ಯಾಮೆರಾ ಪೆಟ್ಟಿಗೆಯೊಳಗೆ. ಅದಕ್ಕಿಂತ ಒಂದೇ ತಿಂಗಳ ಹಿಂದೆ, 2023ರ ಡಿಸೆಂಬರಿನಲ್ಲಿ, ಫುಂಕೆ ಅಕಿಂಡೆಲೆ ಅನ್ನುವ ನಟಿ ತನ್ನ ಸಿನಿಮಾವನ್ನು ಥಿಯೇಟರಿಗೆ ತಂದಿದ್ದಳು. ನೈಜೀರಿಯಾದಲ್ಲಿ 100 ಕೋಟಿ ನೈರಾ ದಾಟಿದ ಮೊದಲ ದೇಸಿ ಸಿನಿಮಾ ಅದೇ. ಅವಳು ರಾತ್ರೋರಾತ್ರಿ ಬಂದವಳಲ್ಲ. 2008ರಿಂದ ಜೆನಿಫಾ ಅನ್ನುವ ಒಂದು ಪಾತ್ರವನ್ನು, ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಬಂದು ಹರಕುಮುರುಕು ಇಂಗ್ಲಿಷ್ ಮಾತಾಡುವ ಹುಡುಗಿಯನ್ನು, ಸಿನಿಮಾದಲ್ಲಿ, ಆಮೇಲೆ ಟಿವಿಯಲ್ಲಿ ಬೆಳೆಸಿಕೊಂಡು ಬಂದು ತನ್ನದೇ ಜನ ಮಾಡಿಕೊಂಡವಳು.

ಹಾಗಾಗಿ ಮಗನನ್ನು ಎರಡು ಮಾತು ಕೇಳಿ ಅಮ್ಮಾ. ವರ್ಷಕ್ಕೆ ಮನೆಗೆ ಎಷ್ಟು ಬೇಕು, ಸಿನಿಮಾ ಇಲ್ಲದ ತಿಂಗಳಲ್ಲಿ ಅದು ಎಲ್ಲಿಂದ ಬರುತ್ತದೆ? ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಎಷ್ಟೋ ಕಂಪನಿಗಳು ಹೊರಗಿನವರ ಶೂಟಿಂಗಿಗೆ ಜಾಗ, ಜನ, ಗಾಡಿ, ಪರವಾನಗಿ ಹೊಂದಿಸಿಕೊಟ್ಟೇ ಬದುಕುತ್ತವೆ, ಉಳಿದ ಹಣದಲ್ಲಿ ಸ್ವಂತ ಸಿನಿಮಾ. ಬಾದಾಮಿ, ಪಟ್ಟದಕಲ್ಲು, ಗೋಳಗುಮ್ಮಟಕ್ಕೆ ಶೂಟಿಂಗಿಗೆ ಬರುವವರಿಗೆ ಇಲ್ಲಿಯವನೇ ಒಬ್ಬ ನಂಬಿಗಸ್ಥ ಹುಡುಗ ಬೇಕೇ ಬೇಕು. ಮದುವೆ ವಿಡಿಯೊ, ಸಹಕಾರಿ ಬ್ಯಾಂಕಿನ ಜಾಹೀರಾತು, ಇವೂ ಕೆಲಸವೇ. ಇದಕ್ಕೆಲ್ಲ ಅವನ ಹತ್ತಿರ ಉತ್ತರ ಇದ್ದರೆ ಎರಡು ವರ್ಷ ಬಿಟ್ಟುಕೊಡಿ. ಉತ್ತರ ಇಲ್ಲದಿದ್ದರೆ ಬೈಯಬೇಡಿ, ಉತ್ತರ ಹುಡುಕಲಿಕ್ಕೆ ಮೂರು ತಿಂಗಳು ಕೊಡಿ.

ನಾನು ಇಳಕಲ್‌ನ ನೇಕಾರರ ಮನೆಯವಳು. ನಮ್ಮ ಮಾತಿನಲ್ಲೇ ಸಿನಿಮಾ ಬರೆದಿದ್ದೇನೆ. ಈ ಭಾಷೆ ಬೆಂಗಳೂರಿನವರಿಗೇ ಅರ್ಥ ಆಗಲ್ಲ, ಹೊರದೇಶಕ್ಕೆ ಹೇಗೆ ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. — ಇಳಕಲ್ ಓದುಗಿ

ತಂಗೀ, ಬದಲಿಸಬೇಡ. ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಹಡಗಿನ ಸರಕು ಹೊತ್ತವರು. ಫ್ರೆಂಚ್‌ನಲ್ಲಿ ಕಾದಂಬರಿ ಬರೆದು ಹೆಸರು ಮಾಡಿದರು. ಆದರೆ ತಮ್ಮ ಊರ ಜನಕ್ಕೆ ಅದನ್ನು ಓದಲು ಬರುವುದಿಲ್ಲ ಅನ್ನುವ ಕೊರಗು ಅವರನ್ನು ಸಿನಿಮಾಕ್ಕೆ ತಂದಿತು. 1968ರಲ್ಲಿ 'ಮಂಡಬಿ' ಮಾಡಿದರು. ಫ್ರಾನ್ಸಿನ ದುಡ್ಡಿತ್ತು, ಅದಕ್ಕೇ ಫ್ರೆಂಚ್‌ನಲ್ಲೂ ಒಂದು ಸಲ ಚಿತ್ರೀಕರಿಸಿದರು, ಜೊತೆಗೆ ತಮ್ಮ ವೊಲೊಫ್ ಭಾಷೆಯಲ್ಲೂ ಮಾಡಿದರು. ಇವತ್ತು ಜಗತ್ತು ನೆನಪಿಟ್ಟುಕೊಂಡಿರುವುದು ವೊಲೊಫ್ ಮಾತಿನದನ್ನು. ಐವತ್ತು ವರ್ಷ ಆದ ಮೇಲೆ, 2019ರಲ್ಲಿ, ಮಾಟಿ ಡಿಯೋಪ್ ಅನ್ನುವ ಹೆಣ್ಣುಮಗಳ ಸಿನಿಮಾ ಅದೇ ವೊಲೊಫ್ ಮಾತಾಡಿಕೊಂಡೇ ಕಾನ್‌ನಲ್ಲಿ ಗ್ರ್ಯಾಂಡ್ ಪ್ರಿ ತಂದಿತು. ಅದು ಸೆನೆಗಲ್, ಫ್ರಾನ್ಸ್, ಬೆಲ್ಜಿಯಂ ಸೇರಿ ಮಾಡಿದ್ದು.

ತದ್ವಿರುದ್ಧವಾದ ಸಂಗತಿಯೂ ಇದೆ. ನೈಜೀರಿಯಾದ ಜೆನೆವೀವ್ ನಾಜಿ ಅವರ 'ಲಯನ್‌ಹಾರ್ಟ್' ಅನ್ನು ನೆಟ್‌ಫ್ಲಿಕ್ಸ್ ಕೊಂಡಿತ್ತು. 2019ರಲ್ಲಿ ಆ ದೇಶದಿಂದ ಮೊದಲ ಸಲ ಆಸ್ಕರ್‌ನ ಅಂತರರಾಷ್ಟ್ರೀಯ ಸಿನಿಮಾ ವಿಭಾಗಕ್ಕೆ ಕಳಿಸಿದ್ದು ಅದನ್ನೇ. ಆ ವಿಭಾಗದಲ್ಲಿ ಇಂಗ್ಲಿಷ್ ಅಲ್ಲದ ಮಾತೇ ಜಾಸ್ತಿ ಇರಬೇಕು. ಇಂಗ್ಲಿಷ್ ಮಾತು ಜಾಸ್ತಿ ಇದೆ, ಅಲ್ಲಿನ ಇಗ್ಬೊ ಭಾಷೆ ಬರೀ 11 ನಿಮಿಷ ಇದೆ ಅಂತ ಸ್ಪರ್ಧೆಯಿಂದಲೇ ತೆಗೆದರು. ನನಗೆ ಆ ನಿಯಮ ಅನ್ಯಾಯ ಅನ್ನಿಸುತ್ತದೆ, ಅಲ್ಲಿ ಆಡಳಿತ ಭಾಷೆಯೇ ಇಂಗ್ಲಿಷ್, ಜನ ಹಾಗೇ ಮಾತಾಡುತ್ತಾರೆ. ಆದರೆ ನಿನ್ನ ವಿಷಯಕ್ಕೆ ಬಂದರೆ, ನಿನ್ನ ಮಾತು ನಿನಗೆ ತೊಡಕಲ್ಲ. ಸಬ್‌ಟೈಟಲ್‌ಗೆ ಮಾತ್ರ ಜಿಪುಣತನ ಮಾಡಬೇಡ. ಮಷೀನಿಗೆ ಹಾಕಿ ತೆಗೆದ ಅನುವಾದ ಬೇಡ. ಎರಡೂ ಭಾಷೆ ಬಲ್ಲವರಿಗೆ ದುಡ್ಡು ಕೊಟ್ಟು, ಪಕ್ಕದಲ್ಲಿ ಕೂತು ಮಾಡಿಸು. ಮಗ್ಗದ ಸದ್ದಿನ ನಡುವೆ ನಿಮ್ಮಮ್ಮ ಆಡುವ ಮಾತು ಬರ್ಲಿನ್‌ನಲ್ಲಿ ಕೂತವರಿಗೆ ತಲುಪುವುದು ಆ ಎರಡು ಸಾಲಿನಿಂದಲೇ.

ನಮ್ಮ ಕಿರುಚಿತ್ರ ಒಂದು ಕಂಪನಿಗೆ ಹಿಡಿಸಿದೆ. ಎರಡು ಲಕ್ಷ ಕೊಡುತ್ತೇವೆ, ಸಿನಿಮಾ, ಕತೆ, ಪಾತ್ರ ಎಲ್ಲದರ ಹಕ್ಕೂ ಕಾಯಂ ಬರೆದುಕೊಡಿ ಅನ್ನುತ್ತಾರೆ. ಮನೆಯಲ್ಲಿ ಸಹಿ ಮಾಡು ಅನ್ನುತ್ತಿದ್ದಾರೆ. ಏನು ಮಾಡಲಿ? — ಗೋಕಾಕದ ಓದುಗ

ಈ ಪತ್ರ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಹಳ ವರ್ಷದ ಹಿಂದೆ ನಾನೂ ಇಂಥದೇ ಹಾಳೆಗೆ ಸಹಿ ಮಾಡಿದೆ. ಶ್ರೀಕೃಷ್ಣ ಪಾರಿಜಾತ ಬಯಲಾಟ ಆಡುವ ಒಬ್ಬ ಹಿರಿಯ ಕಲಾವಿದೆಯ ಬಗ್ಗೆ ನಲವತ್ತು ನಿಮಿಷದ ಸಾಕ್ಷ್ಯಚಿತ್ರ. ಕೈಗೆ ಬಂದ ಹಣದಲ್ಲಿ ಸಾಲ ತೀರಿತು, ಖುಷಿಯೂ ಆಯಿತು. ಆಮೇಲೆ ಆ ಕಂಪನಿ ಮುಚ್ಚಿತು. ಆ ಅಜ್ಜಿ ತೀರಿಕೊಂಡ ದಿನ ಅವರ ಊರಲ್ಲಿ ನನ್ನದೇ ಚಿತ್ರ ತೋರಿಸಲು ನನಗೆ ಹಕ್ಕಿರಲಿಲ್ಲ. ಯಾರನ್ನು ಕೇಳಬೇಕು ಅಂತಲೂ ಗೊತ್ತಾಗಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಇಳಕಲ್‌ನಲ್ಲಿ ಕೂಲಿ ನೇಕಾರರು ಇದ್ದಾರಲ್ವಾ, ಸಾವಕಾರ ನೂಲು ಕೊಡುತ್ತಾನೆ, ಸೀರೆ ಅವನದು, ಇವರಿಗೆ ಕೂಲಿ. ಅದು ಒಂದು ರೀತಿ. ಆದರೆ ನಿಮ್ಮ ಸಿನಿಮಾಕ್ಕೆ ನೂಲು ತಂದವರೂ ನೀವೇ, ನೇಯ್ದವರೂ ನೀವೇ. ಹೊಲದ ಮಾತಿನಲ್ಲಿ ಹೇಳುತ್ತೇನೆ: ಖರೀದಿ ಪತ್ರ ಬೇಡ, ಲಾವಣಿಗೆ, ಅಂದರೆ ಗುತ್ತಿಗೆಗೆ ಕೊಡಿ. ಇಷ್ಟು ವರ್ಷಕ್ಕೆ, ಇಂಥ ದೇಶಕ್ಕೆ, ಇಂಥ ಬಳಕೆಗೆ ಅಂತ ಬರೆಸಿ. ಟಿವಿ ಬೇರೆ, ಓಟಿಟಿ ಬೇರೆ, ಥಿಯೇಟರ್ ಬೇರೆ, ವಿಮಾನದಲ್ಲಿ ತೋರಿಸುವ ಹಕ್ಕು ಕೂಡ ಬೇರೆ. ಕತೆ, ಪಾತ್ರ, ಮುಂದಿನ ಭಾಗ, ಬೇರೆ ಭಾಷೆಯ ರೀಮೇಕ್ ನಿಮ್ಮ ಹತ್ತಿರವೇ ಇರಲಿ. ನಮ್ಮ ಕಾಪಿರೈಟ್ ಕಾನೂನಿನಲ್ಲೇ ಒಂದು ಆಸರೆ ಇದೆ: ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರು 'ಕಾಯಂ', 'ಇಡೀ ಜಗತ್ತಿಗೆ' ಅಂತ ಬರೆಸುವುದು. ಆ ಎರಡು ಶಬ್ದ ಹುಡುಕಿ ಕೆಂಪು ಗೆರೆ ಎಳೆಯಿರಿ. 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ, ಸಂಗೀತ ಮಾಡಿದವರಿಗೆ ಥಿಯೇಟರ್ ಹೊರಗಿನ ಬಳಕೆಯಲ್ಲಿ ರಾಯಲ್ಟಿ ಪಾಲು ಇದೆ, ಅದನ್ನು ಬಿಟ್ಟುಕೊಟ್ಟೆ ಅಂತ ಬರೆದರೂ ನಡೆಯುವುದಿಲ್ಲ. ಹಾಡು ಬರೆದ ಗೆಳೆಯನಿಗೂ ಇದನ್ನು ಹೇಳಿ. ಎರಡು ಲಕ್ಷ ದೊಡ್ಡ ಮೊತ್ತ, ಮನೆಯವರ ಮಾತು ನನಗೆ ಅರ್ಥ ಆಗುತ್ತದೆ. ಮೂರು ವರ್ಷದ ಲಾವಣಿಗೆ ಒಂದು ಲಕ್ಷ ಅಂದರೂ ನಾನಾದರೆ ಅದನ್ನೇ ತಗೊಳ್ಳುತ್ತೇನೆ. ಸಹಿಗೆ ಮುಂಚೆ ಒಬ್ಬ ವಕೀಲರಿಗೆ ತೋರಿಸಿ.

ಸಿನಿಮಾ ಬಿಟ್ಟ ಮರುದಿನವೇ ಟೆಲಿಗ್ರಾಂನಲ್ಲಿ ಬರುತ್ತದೆ. ಏನು ವ್ಯಾಪಾರ ಮಾಡುವುದು? — ಜಮಖಂಡಿ ಓದುಗ

ಉಗಾಂಡಾದ ಕಂಪಾಲಾದಲ್ಲಿ ವಾಕಲಿಗಾ ಅಂತ ಒಂದು ಬಡವರ ಕೇರಿ. ಅಲ್ಲಿ ಇಟ್ಟಿಗೆ ಮಾಡುತ್ತಿದ್ದ ನಬ್ವಾನಾ ಅನ್ನುವವರು ಸಿನಿಮಾ ಮಾಡುತ್ತಾರೆ, ನಟರೇ ಮನೆಮನೆಗೆ ಹೋಗಿ ಡಿವಿಡಿ ಮಾರುತ್ತಿದ್ದರು. ನಕಲಿ ಬರುವಷ್ಟರಲ್ಲಿ ಮಾರಿ ಮುಗಿಸಬೇಕು, ಅಷ್ಟೇ ಸಮಯ. ಅವರ ಟ್ರೇಲರ್ ನೋಡಿದ ನ್ಯೂಯಾರ್ಕಿನ ಒಬ್ಬರು ಅಲ್ಲಿಗೇ ಬಂದು ನೆಲೆಸಿ ಜೊತೆಗಾರರಾದರು. 2015ರಲ್ಲಿ ಇಂಟರ್ನೆಟ್ ಮೂಲಕ ಜನರ ಹತ್ತಿರ 160 ಡಾಲರ್ ಕೇಳಿದರೆ 13 ಸಾವಿರ ಡಾಲರ್ ಮೀರಿ ಬಂತು. ನಕಲಿಯನ್ನು ನೀವು ಪೂರ್ತಿ ತಡೆಯಲು ಆಗುವುದಿಲ್ಲ, ಪೊಲೀಸ್ ದೂರು ಕೊಡಿ, ತೆಗೆಸಿ, ಸರಿ. ಆದರೆ ಮೊದಲ ವಾರ ಊರೂರಿಗೆ ನೀವೇ ಹೋಗಿ ತೋರಿಸಿ. ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಒಂದೊಂದು ಸಭಾಭವನ ಹಿಡಿದರೂ ಸಾಕು.

ವಿದೇಶಿ ಪಾಲುದಾರರನ್ನು ಎಲ್ಲಿ ಭೇಟಿ ಆಗುವುದು? ಪಾಸ್‌ಪೋರ್ಟೇ ಇಲ್ಲ. — ಬೆಳಗಾವಿ ಓದುಗಿ

ಆಫ್ರಿಕಾದವರು ಇದಕ್ಕೆ ತಮ್ಮ ನೆಲದಲ್ಲೇ ಸಂತೆ ಕಟ್ಟಿಕೊಂಡರು. ಬುರ್ಕಿನಾ ಫಾಸೊದ ಔಗಡೂಗುದಲ್ಲಿ 1969ರಿಂದ ಫೆಸ್ಪಾಕೊ ಚಿತ್ರೋತ್ಸವ ಇದೆ, ದಕ್ಷಿಣ ಆಫ್ರಿಕಾದಲ್ಲಿ 2010ರಿಂದ ಡರ್ಬನ್ ಫಿಲ್ಮ್‌ಮಾರ್ಟ್. ನಿರ್ದೇಶಕರು ಕತೆ ಹಿಡಿದು ಬರುತ್ತಾರೆ, ಬೇರೆ ದೇಶದ ನಿರ್ಮಾಪಕರು ಅಲ್ಲಿಗೇ ಬಂದು ಕೂತು ಕೇಳುತ್ತಾರೆ. ನಮ್ಮ ಸಂತೆ ನಿಮ್ಮ ಊರಿಗೆ ತೀರಾ ಹತ್ತಿರ ಇದೆ. ಗೋವಾದಲ್ಲಿ ಪ್ರತಿ ನವೆಂಬರ್, ಚಿತ್ರೋತ್ಸವದ ಜೊತೆಗೇ, ಕೇಂದ್ರ ಸರ್ಕಾರದ ಸಿನಿಮಾ ನಿಗಮ ಎನ್ಎಫ್‌ಡಿಸಿಯವರು 2007ರಿಂದ ಫಿಲ್ಮ್ ಬಜಾರ್ ನಡೆಸುತ್ತಾರೆ, 2025ರಿಂದ ಅದರ ಹೆಸರು ವೇವ್ಸ್ ಫಿಲ್ಮ್ ಬಜಾರ್. ಜಂಟಿ ನಿರ್ಮಾಣಕ್ಕೆ ಅಂತಲೇ ಒಂದು ವಿಭಾಗ ಇದೆ, ಅರ್ಜಿ ಮುಂಚೆಯೇ ಕರೆಯುತ್ತಾರೆ, ಕತೆಯ ಜೊತೆ ಬಜೆಟ್ ಕೇಳುತ್ತಾರೆ. ಆಯ್ಕೆ ಆಗದಿದ್ದರೂ ಶುಲ್ಕ ಕಟ್ಟಿ ಒಳಗೆ ಹೋಗಬಹುದು. ಮೊದಲ ವರ್ಷ ಏನೂ ಕೇಳಬೇಡಿ, ಬೇರೆಯವರು ಹೇಗೆ ಮಾತಾಡುತ್ತಾರೆ ನೋಡಿ, ಹತ್ತು ಜನರ ಪರಿಚಯ ಮಾಡಿಕೊಂಡು ಬನ್ನಿ. ಬೆಳಿಗ್ಗೆ ಚೋರ್ಲಾ ಘಾಟ್ ದಾರಿಯ ಬಸ್ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಪಣಜಿ. ಪಾಸ್‌ಪೋರ್ಟಿಗೂ ಅರ್ಜಿ ಹಾಕಿ ಇಟ್ಟಿರಿ.