ಎರಡು ವರ್ಷದ ಮಗ ಮಾತನಾಡುವುದಿಲ್ಲ, ಕರೆದರೆ ತಿರುಗುವುದಿಲ್ಲ. ಮೂರು ತುಂಬುವವರೆಗೆ ಕಾಯಬಹುದೇ?

ತಂಗಿ, ನಿಮ್ಮ ಮಗನಿಗೆ ಎರಡು ವರ್ಷ ಎರಡು ತಿಂಗಳು. ಇನ್ನೂ 'ಅವ್ವಾ' ಎಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಆಟಿಕೆಯ ಗಾಡಿ ಮಗುಚಿ ಚಕ್ರ ತಿರುಗಿಸುತ್ತಾ ಕೂರುತ್ತಾನೆ ಎಂದು ಬರೆದಿದ್ದೀರಿ. ಅಥಣಿಯ ನಿಮ್ಮ ಅತ್ತೆಯವರು 'ಇವನಪ್ಪನೂ ಮೂರು ತುಂಬಿದ ಮೇಲೆಯೇ ಮಾತು ಕಲಿತ, ಸುಮ್ಮನಿರು' ಎನ್ನುತ್ತಾರೆ. ಕಾಯಬೇಡಿ, ತೋರಿಸಿ. ಈ ತಿಂಗಳೇ.

ನಾನು ಇಂಡಿ ತಾಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ, ವೈದ್ಯಳಲ್ಲ. ಒಂದೇ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ನೋಡಿ ನೋಡಿ ಕಣ್ಣು ಪಳಗಿದೆ, ಅಷ್ಟೇ. ಮಾತು ತಡವಾದ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ಅತ್ತೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ನಾನು ಮಾತಿಗಿಂತ ಮೊದಲು ಬೆರಳು ನೋಡುತ್ತೇನೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಜೋರಾಗಿ ಹಾಡು ಹಾಕಿಕೊಂಡು ಹೋಗುವಾಗ, ಮಾತು ಬಾರದ ಮಗುವೂ ಅದರತ್ತ ಬೆರಳು ಚಾಚಿ, ಆಮೇಲೆ ತಿರುಗಿ ನನ್ನ ಮುಖ ನೋಡುತ್ತದೆ. ನೀವೂ ನೋಡಿದಿರಾ ಎಂದು ಕೇಳುವ ನೋಟ ಅದು. ಒಂದೂವರೆ ವರ್ಷದ ಹೊತ್ತಿಗೆ ಇದು ಬಂದಿರಬೇಕು. ನಿಮ್ಮ ಮಗ ನೀರು ಬೇಕಾದಾಗ ನಿಮ್ಮ ಕೈ ಎಳೆದೊಯ್ದು ಕೊಡದ ಮೇಲೆ ಇಡುತ್ತಾನೆ, ಮುಖ ನೋಡುವುದಿಲ್ಲ ಎಂದಿದ್ದೀರಿ. ನನಗೆ ಚಿಂತೆ ಹತ್ತಿದ್ದು ಆ ಸಾಲಿನಿಂದ. ಚಕ್ರ ತಿರುಗಿಸುವುದನ್ನು ಬಹಳ ಮಕ್ಕಳು ಮಾಡುತ್ತಾರೆ.

ಇದು ಆಟಿಸಂ, ಅಂದರೆ ಮಗು ಇತರರೊಂದಿಗೆ ಬೆರೆಯುವ, ಸಂವಹನ ಮಾಡುವ ರೀತಿಯೇ ಬೇರೆಯಾಗಿ ಬೆಳೆಯುವ ಸ್ಥಿತಿ, ಎಂದು ನಾನು ಹೇಳುತ್ತಿಲ್ಲ, ಹೇಳುವ ಅರ್ಹತೆಯೂ ನನಗಿಲ್ಲ. ಮೊದಲು ಕಿವಿ ಪರೀಕ್ಷೆಯಾಗಲಿ. ತಟ್ಟೆ ಬಡಿದರೆ ಬೆಚ್ಚುತ್ತಾನೆ, ಹಾಗಾಗಿ ಕಿವಿ ಚೆನ್ನಾಗಿದೆ ಎಂಬ ಮನೆಯ ಪರೀಕ್ಷೆ ಸಾಲದು. ದೊಡ್ಡ ಸದ್ದು ಕೇಳಿಸಿಯೂ ಮಾತಿನ ಸಣ್ಣ ಸದ್ದುಗಳು ಕೇಳಿಸದ ಮಕ್ಕಳಿದ್ದಾರೆ. ಕಿವಿಯೊಳಗೆ ನೀರು ತುಂಬಿದರೂ ಹಾಗಾಗುತ್ತದೆ. ಮಗು ನಿದ್ದೆಯಲ್ಲಿರುವಾಗ ತಲೆಗೆ ತಂತಿ ಅಂಟಿಸಿ ಮಾಡುವ 'ಬೇರಾ' ಪರೀಕ್ಷೆಯಲ್ಲಿ ನೋವಿಲ್ಲ.

ನಿಮ್ಮೂರಿನ ಕಾರ್ಯಕರ್ತೆಗೆ ಸಂಗತಿ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, 18 ವರ್ಷದವರೆಗೆ ತಪಾಸಣೆ ಉಚಿತ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು, ಆದರೆ ಆ ದಿನದ ದಾರಿ ಕಾಯದೆ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಅಥಣಿಯವರು ಆಸ್ಪತ್ರೆ ಎಂದರೆ ಮಹಾರಾಷ್ಟ್ರದ ಮಿರಜಿನ ಬಸ್ ಹತ್ತುತ್ತಾರೆ. ಒಮ್ಮೆ ತೋರಿಸಲು ಅದೂ ಸರಿಯೇ. ವಾರವಾರ ಥೆರಪಿಗೆ ಹೋಗಬೇಕಾದರೆ ಖರ್ಚಿನ ಲೆಕ್ಕ ಮೊದಲೇ ಹಾಕಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಮಾತು, ಕಿವಿ ಎರಡಕ್ಕೂ ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಹೆಸರಾಗಿದೆ.

ಹೋಗುವ ಮುನ್ನ ಅವನು ಆಡುವುದನ್ನು, ಉಣ್ಣುವುದನ್ನು, ಕರೆದಾಗ ಏನು ಮಾಡುತ್ತಾನೆಂಬುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಹೊಸ ಜಾಗದಲ್ಲಿ ಮಕ್ಕಳು ಬೇರೆಯೇ ಆಗಿಬಿಡುತ್ತಾರೆ. 'ಎಂ-ಚಾಟ್' ಎಂಬ 20 ಪ್ರಶ್ನೆಗಳನ್ನು ನಿಮಗೆ ಕೇಳಬಹುದು. ಅದು 16ರಿಂದ 30 ತಿಂಗಳ ಮಕ್ಕಳಿಗಾಗಿ ಇರುವುದು. ಅಂಕ ಹೆಚ್ಚು ಬಂದರೆ ಇನ್ನೂ ಪರೀಕ್ಷೆ ಬೇಕು ಎಂದರ್ಥ, ಆಟಿಸಂ ಖಚಿತವಾಯಿತು ಎಂದಲ್ಲ. ತೊಂದರೆಯ ಹೆಸರು ಗೊತ್ತಾಗುವುದು ತಡವಾಗಬಹುದು. ಮಾತಿನ ಥೆರಪಿ ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಈಗಲೇ ಶುರುಮಾಡಿ ಎಂದು ಒತ್ತಾಯಿಸಿ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಅದಕ್ಕೇ ಹುಡುಗನಿಗೆ ಗೊಂದಲ ಎಂದು ಯಾರೋ ಹೇಳಿದರಂತೆ. ಹಾಗಾದರೆ ಮನೆಯಲ್ಲಿ ಲಂಬಾಣಿ, ಹೊರಗೆ ಕನ್ನಡ ಆಡುವ ನಮ್ಮ ತಾಂಡಾಗಳ ಮಕ್ಕಳು ಮಾತೇ ಕಲಿಯಬಾರದಿತ್ತು! ಎರಡು ಭಾಷೆಯಿಂದ ಈ ತೊಂದರೆ ಬರುವುದಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದರಿಂದ ಇದು ಹೋಗುವುದೂ ಇಲ್ಲ. ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದರೆ ತೀರಿಸಿ ಬನ್ನಿ, ಆಸ್ಪತ್ರೆಯನ್ನು ಮಾತ್ರ ಜಾತ್ರೆಯವರೆಗೆ ಮುಂದೂಡಬೇಡಿ. ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ವಾಸಿ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆಟಿಸಂಗೆ ಅದು ಸಾಬೀತಾದ ಚಿಕಿತ್ಸೆಯಲ್ಲ.

ಮೊಬೈಲಿನಿಂದಲೇ ಹೀಗಾಯಿತು ಎಂದು ನಿಮ್ಮನ್ನು ದೂರುವವರಿಗೆ ಕಿವಿಗೊಡಬೇಡಿ. ಆದರೂ ಅದನ್ನು ಕಡಿಮೆ ಮಾಡಿ: ಈ ವಯಸ್ಸಿಗೆ ದಿನಕ್ಕೆ 1 ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗೆ ಉಳಿದ ಹೊತ್ತಿನಲ್ಲಿ ಅವನೆದುರು ನೆಲದ ಮೇಲೆ ಕುಳಿತು, ಅವನು ತಿರುಗಿಸುವ ಚಕ್ರವನ್ನೇ ನೀವೂ ತಿರುಗಿಸಿ. 'ತಿರುಗು ತಿರುಗು' ಎಂದು ಹೇಳಿ, ತಟ್ಟನೆ ನಿಲ್ಲಿಸಿ, ಸುಮ್ಮನೆ ಕಾಯಿರಿ. ಒಮ್ಮೆ ನಿಮ್ಮತ್ತ ನೋಡಿದನೆಂದರೆ ಕೂಡಲೇ ಮತ್ತೆ ತಿರುಗಿಸಿ.

ಮೂರು ತುಂಬಿದ ಮೇಲೆ ಅಂಗನವಾಡಿಗೆ ಕಳುಹಿಸಬಹುದೇ ಎಂದೂ ಕೇಳಿದ್ದೀರಿ. ಖಂಡಿತ ಕಳುಹಿಸಿ. ಮೊದಮೊದಲು ಸ್ವಲ್ಪ ಹೊತ್ತು ಮಾತ್ರ ಇರಲಿ, ನೀವೂ ಜೊತೆಗೆ ಕೂರಿ. ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ಯಾವ ಊಟ ಮುಟ್ಟುವುದಿಲ್ಲ ಎಂಬುದನ್ನು ಕಾರ್ಯಕರ್ತೆಗೂ ಸಹಾಯಕಿಗೂ ಮೊದಲೇ ಹೇಳಿಡಿ.