ಪದೇ ಪದೇ ನೆಗಡಿ ಆಗುವ ಮಗುವಿಗೆ ಆ್ಯಂಟಿಬಯೋಟಿಕ್ ಬೇಕಾ?

ಎರಡು ವರ್ಷದ ಮಗಳನ್ನು ಪ್ಲೇ ಸ್ಕೂಲಿಗೆ ಸೇರಿಸಿದ ಮೇಲೆ ತಿಂಗಳಿಗೊಂದು ಸಲ ನೆಗಡಿ, ಕೆಮ್ಮು. ರೋಗ ತಡೆಯುವ ಶಕ್ತಿ ಕಮ್ಮಿ ಇದೆಯಾ, ಆ್ಯಂಟಿಬಯೋಟಿಕ್ ಕೊಡಿಸಬೇಕಾ ಅಂತ ಕೇಳಿದ್ದೀರಿ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ನಿಮ್ಮ ಆತಂಕ ಅರ್ಥವಾಗುತ್ತದೆ.

ಈ ವಯಸ್ಸಿನ ಆರೋಗ್ಯವಂತ ಮಕ್ಕಳಿಗೂ ವರ್ಷಕ್ಕೆ 6ರಿಂದ 8 ಸಲ ನೆಗಡಿ ಆಗುತ್ತದೆ. ಬೇರೆ ಮಕ್ಕಳ ಜೊತೆ ಇರುವವರಿಗೆ ಇನ್ನೂ ಜಾಸ್ತಿ. ನೆಗಡಿ ತರುವುದು ವೈರಸ್‌ಗಳು; ಅವುಗಳಲ್ಲಿ ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಂದು ಹೋಯಿತು ಅಂತ ಇನ್ನೊಂದು ಬರದೇ ಇರುವುದಿಲ್ಲ. ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ, ಅಷ್ಟರಲ್ಲಿ ಮುಂದಿನದು ಅಂಟಿರುತ್ತದೆ. ಮಧ್ಯೆ ಚೆನ್ನಾಗಿ ಆಡಿಕೊಂಡಿದ್ದು, ತೂಕ ಏರುತ್ತಿದ್ದರೆ ಶಕ್ತಿ ಕಮ್ಮಿ ಅಂತ ಹೆದರಬೇಕಿಲ್ಲ.

ಆ್ಯಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಸಿಂಬಳ ಹಳದಿ, ಹಸಿರು ಆಯಿತು ಅಂತ ಹಳೇ ಬಾಟಲಿ ತೆಗೆಯಬೇಡಿ. ಮಾಮೂಲಿ ನೆಗಡಿಯಲ್ಲೂ ಬಣ್ಣ ಹಾಗೇ ತಿರುಗುತ್ತದೆ. ಕಿವಿ ಸೋಂಕು, ನ್ಯುಮೋನಿಯಾ ಇದ್ದರೆ ವೈದ್ಯರೇ ನೋಡಿ ಬರೆಯುತ್ತಾರೆ.

ಮೂಗಿಗಿಂತ ಉಸಿರನ್ನು ನೋಡಿ. ಎಲ್ಲರಿಗೂ ನಾನು ಕಲಿಸುವುದು ಇದನ್ನೇ. ಮಗು ಮಲಗಿದಾಗ ಅಥವಾ ಅಳದೆ ಸುಮ್ನೆ ಇದ್ದಾಗ ಅಂಗಿ ಮೇಲೆತ್ತಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜೋರು ಉಸಿರು ಅಂತಲೇ ಲೆಕ್ಕ, ಅವತ್ತೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ನಾಯಿ ಬೊಗಳಿದ ಹಾಗೆ ಕೆಮ್ಮಿ, ಸುಮ್ಮನಿದ್ದಾಗಲೂ ಉಸಿರೆಳೆಯುವಾಗ ಕರ್ಕಶ ಸದ್ದು ಬಂದರೂ ಅಷ್ಟೇ.

ಮನೆಯಲ್ಲಿ ಮಾಡುವುದು ಕಡಿಮೆಯೇ. ಮೂಗಿಗೆ ಸಲೈನ್ (ಉಪ್ಪುನೀರಿನ) ಹನಿ ಹಾಕಿ, ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಇರಿ. ಎರಡು ಹೊತ್ತು ಊಟ ಬಿಟ್ಟರೆ ಪರವಾಗಿಲ್ಲ, ಮೂತ್ರ ಕಡಿಮೆಯಾಗಬಾರದು. ಜ್ವರದಿಂದ ಮಗು ಒದ್ದಾಡುತ್ತಿದ್ದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಾತ್ರ ಬೇಡವೇ ಬೇಡ. ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು, ಆದರೆ ವರ್ಷ ತುಂಬದ ಕೂಸಿಗೆ ಕೊಡಲೇಬಾರದು. ಅಂಗಡಿಯ ಕೆಮ್ಮಿನ ಸಿರಪ್ ಈ ವಯಸ್ಸಿಗೆ ಉಪಯೋಗಕ್ಕಿಂತ ಅಪಾಯವೇ ಜಾಸ್ತಿ.

ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಮಗಳ ಕೈಯನ್ನು ಸೋಪು ಹಾಕಿ ತೊಳೆಸಿಯೇ ಹತ್ತಿರ ಬಿಡಿ. ದೊಡ್ಡವಳಿಗೆ ಬರೀ ನೆಗಡಿಯಾಗುವ ಆರ್‌ಎಸ್‌ವಿ ವೈರಸ್ಸೇ ಎಳೆಗೂಸಿನ ಶ್ವಾಸಕೋಶದ ಸಣ್ಣ ನಾಳಗಳನ್ನು ಕಟ್ಟಿಸಿಬಿಡುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.