ಮೊಣಕಾಲಿನ ಚಿಪ್ಪು ಸರಿದು ತಾನಾಗಿ ಕುಳಿತಿದೆ: ನಾಟಿ ಕಟ್ಟು ಹಾಕಿಸಬೇಕೋ, ಪ್ಲಾಸ್ಟರ್ ಹಾಕಿಸಬೇಕೋ?

ಕಬಡ್ಡಿ ಆಡುವಾಗ ತಮ್ಮನ ಮೊಣಕಾಲಿನ ಚಿಪ್ಪು ಹೊರಕ್ಕೆ ಸರಿದು, ಕಾಲು ಚಾಚುತ್ತಲೇ ತಾನಾಗಿ ಕುಳಿತಿದೆ, ಈಗ ಊದಿಕೊಂಡಿದೆ, ಎಲುಬು ಕೂಡಿಸುವವರ ಕಟ್ಟು ಒಳ್ಳೆಯದೋ ಆಸ್ಪತ್ರೆಯ ಪ್ಲಾಸ್ಟರ್ ಒಳ್ಳೆಯದೋ ಎಂದು ಕೇಳಿದ್ದೀರಿ. ಪದವಿಯ ಎರಡನೆಯ ವರ್ಷದಲ್ಲಿದ್ದಾಗ ನನ್ನ ಎಡಗಾಲಿಗೆ ಆದದ್ದೂ ಇದೇ. ಮುಧೋಳದ ಹತ್ತಿರದ ನಮ್ಮೂರಿನ ಜಾತ್ರೆಯ ಪಂದ್ಯದಲ್ಲಿ ರೇಡ್ ಮುಗಿಸಿ ಹಿಂದಿರುಗುವಾಗ ಪಾದ ನೆಲದಲ್ಲಿ ಊರಿದಲ್ಲೇ ಉಳಿದು, ಮೈ ಮಾತ್ರ ಬಲಕ್ಕೆ ತಿರುಗಿತು. ಎದುರಾಳಿಗಳಲ್ಲಿ ಒಬ್ಬರೂ ನನ್ನನ್ನು ಮುಟ್ಟಿರಲಿಲ್ಲ. ಬಿದ್ದಲ್ಲಿಂದಲೇ ನೋಡಿದರೆ ಮೊಣಕಾಲು ಅರ್ಧ ಮಡಚಿಕೊಂಡಿತ್ತು, ಚಿಪ್ಪು ಇರಬೇಕಾದ ಜಾಗ ತಗ್ಗಾಗಿತ್ತು, ಹೊರಮಗ್ಗುಲಲ್ಲಿ ಒಂದು ಗುಬ್ಬೆ ಎದ್ದು ಕಾಣುತ್ತಿತ್ತು. ಗರಡಿಯಲ್ಲಿ ಪಳಗಿದ ಹಿರಿಯರೊಬ್ಬರು ಹಿಮ್ಮಡಿ ಹಿಡಿದು ಮೆಲ್ಲಗೆ ಕಾಲು ಚಾಚಿಸಿದರು. ಚಿಪ್ಪು ಟಕ್ಕನೆ ಒಳಗೆ ಬಂತು. "ಏನೂ ಆಗಿಲ್ಲ ಬಿಡೋ ತಮ್ಮಾ, ಕುಂತೈತಿ" ಎಂದರು.

ನನಗೆ ದುಬಾರಿಯಾದದ್ದು ಆ "ಕುಂತೈತಿ" ಎಂಬ ಮಾತನ್ನು "ವಾಸಿಯಾಯಿತು" ಎಂದು ತಿಳಿದದ್ದು. ತೊಡೆಮೂಳೆಯ ಕೆಳತುದಿಯಲ್ಲಿ ಒಂದು ಕಚ್ಚು ಇದೆ. ಬಾವಿಯ ರಾಟೆಯಲ್ಲಿ ಹಗ್ಗ ಓಡುವಂತೆ ಚಿಪ್ಪು ಆ ಕಚ್ಚಿನಲ್ಲಿ ಮೇಲೆ ಕೆಳಗೆ ಓಡುತ್ತದೆ. ಅದು ಹೊರಕ್ಕೆ ಜಾರದಂತೆ ಒಳಮಗ್ಗುಲಿನಿಂದ ಎಳೆದು ಹಿಡಿಯುವ ಒಂದು ತೆಳುವಾದ ಕಟ್ಟುನಾರು ಇದೆ. ವೈದ್ಯರು ಅದನ್ನು ಎಂಪಿಎಫ್‌ಎಲ್ ಎನ್ನುತ್ತಾರೆ. ಚಿಪ್ಪು ಪೂರ್ತಿ ಹೊರಗೆ ಹೋಗಿದೆ ಎಂದರೆ ಆ ನಾರು ಬಹುಮಟ್ಟಿಗೆ ಹರಿದಿದೆ ಎಂದೇ ಅರ್ಥ. ಅಷ್ಟೇ ಅಲ್ಲ, ಚಿಪ್ಪು ಹೊರಗೆ ಹೋಗುವಾಗಲೋ ಮರಳಿ ಒಳಗೆ ಬರುವಾಗಲೋ ಅದರ ಒಳಅಂಚು ತೊಡೆಮೂಳೆಯ ಹೊರಗಿನ ಗುಬ್ಬೆಗೆ ಬಲವಾಗಿ ಬಡಿಯುತ್ತದೆ, ಆ ಬಡಿತಕ್ಕೆ ಮೂಳೆಯ ಚೂರು ಮೃದ್ವಸ್ಥಿಯೊಂದಿಗೆ ಎದ್ದು ಕೀಲಿನೊಳಗೆ ಬೀಳಬಹುದು. ಚಿಪ್ಪು ತನ್ನ ಜಾಗಕ್ಕೆ ಬಂದ ಮಾತ್ರಕ್ಕೆ ಹರಿದ ನಾರು ಕೂಡುವುದಿಲ್ಲ, ಬಿದ್ದ ಚೂರು ಮರಳಿ ಅಂಟುವುದಿಲ್ಲ. ಹೊರಗಿನಿಂದ ನೋಡುವವರಿಗೆ ಮೊಣಕಾಲು ಸರಿಯಾಗಿಯೇ ಕಾಣುತ್ತದೆ.

ಪಂದ್ಯ ಮುಗಿಯುವುದರೊಳಗೆ ನನ್ನ ಮೊಣಕಾಲು ಬಿಗಿದುಕೊಂಡು ಊದಿತ್ತು. ಪೆಟ್ಟಾದ ಒಂದೆರಡು ತಾಸಿನೊಳಗೆ ಹೀಗೆ ಊದಿದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದು ತಿಳಿಯಬೇಕು. ಬರಿಯ ಉಳುಕಿನ ಊತ ಸಾಮಾನ್ಯವಾಗಿ ನಿಧಾನವಾಗಿ, ಮರುದಿನದ ಹೊತ್ತಿಗೆ ಏರುತ್ತದೆ. ಇದು ನಮಗೆ ತಿಳಿದಿರಲಿಲ್ಲ. ಎಲುಬು ಕೂಡಿಸುವವರು ಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ಸೀಳು ಇಟ್ಟು ಬಿಗಿಯಾಗಿ ಕಟ್ಟಿದರು. ಅವರನ್ನು ದೂರುವ ಮನಸ್ಸು ನನಗಿಲ್ಲ, ಏಕೆಂದರೆ ಅದೇ ಅವಧಿಗೆ ಆಸ್ಪತ್ರೆಯ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರೂ ಫಲ ಬೇರೆಯಾಗುತ್ತಿರಲಿಲ್ಲ. ನೋವು ಕಡಿಮೆಯಾದಷ್ಟೂ ಕಟ್ಟಿನ ಮೇಲೆ ನಂಬಿಕೆ ಬೆಳೆಯಿತು. ಎಕ್ಸ್‌ರೇ ತೆಗೆಸುವ ಮಾತನ್ನು ಅಣ್ಣ ಎತ್ತಿದಾಗಲೆಲ್ಲ ನಾನೇ ತಳ್ಳಿಹಾಕಿದೆ. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಕಟ್ಟು ಬಿಚ್ಚಿದಾಗ ಎಡತೊಡೆ ಬಲತೊಡೆಗಿಂತ ಕಣ್ಣಿಗೆ ಕಾಣುವಷ್ಟು ಬಡವಾಗಿತ್ತು, ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಚಿಪ್ಪನ್ನು ದಾರಿಯಲ್ಲಿ ಇಡಬೇಕಾದ ಸ್ನಾಯುವೇ ಸೊರಗಿದ ಮೇಲೆ ಮುಂದಿನದನ್ನು ಊಹಿಸಬಹುದು: ಟ್ರ್ಯಾಕ್ಟರಿನ ಟ್ರೇಲರ್‌ನಿಂದ ಇಳಿಯುವಾಗ ಚಿಪ್ಪು ಮತ್ತೆ ಹೊರಬಿತ್ತು. ಆಮೇಲೆ ನಡೆಯುತ್ತಿದ್ದಂತೆಯೇ ಮೊಣಕಾಲು ಸಿಕ್ಕಿಕೊಂಡು ಬೀಗ ಬೀಳತೊಡಗಿತು. ಬೆಳಗಾವಿಯಲ್ಲಿ ಎಂಆರ್‌ಐ ತೆಗೆಸಿದಾಗ ಮೊದಲ ಪೆಟ್ಟಿನಲ್ಲೇ ಎದ್ದಿರಬೇಕಾದ ಚೂರು ಒಳಗೆ ತೇಲುತ್ತಿರುವುದು ಕಂಡಿತು. ಮೊದಲ ಕೆಲವು ದಿನಗಳಲ್ಲಿ ಗೊತ್ತಾಗಿದ್ದರೆ ಅದನ್ನು ಸ್ವಸ್ಥಾನದಲ್ಲಿ ಕೂರಿಸುವ ಅವಕಾಶವಿತ್ತು. ಅಷ್ಟು ತಡವಾದ್ದರಿಂದ ತೆಗೆದುಹಾಕುವುದಷ್ಟೇ ಉಳಿದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಕಟ್ಟು ಎಂಬುದು ಇಲ್ಲಿ ವಿಷಯವೇ ಅಲ್ಲ. ಒಳಗೆ ಏನು ಮುರಿದಿದೆ ಎಂದು ನೋಡುವವರು ಯಾರು, ತೊಡೆಗೆ ಕೆಲಸ ಕೊಡುವವರು ಯಾರು ಎಂದು ಕೇಳಿಕೊಳ್ಳಿ.

ಅದಕ್ಕೂ ಮೊದಲು ಒಂದು ಸಂಗತಿ ಖಚಿತವಾಗಬೇಕು. ಸರಿದದ್ದು ಚಿಪ್ಪು ಮಾತ್ರವೇ, ಅಥವಾ ಮೊಣಕಾಲಿನ ಕೀಲೇ? ಊರಲ್ಲಿ ಎರಡಕ್ಕೂ "ಮೊಣಕಾಲು ತಪ್ಪಿತು" ಎಂದೇ ಹೇಳುತ್ತಾರೆ, ಆದರೆ ಎರಡನೆಯದು ಕಾಲನ್ನೇ ಕಳೆಯುವಂಥ ಪೆಟ್ಟು. ಬೈಕ್ ಅಪಘಾತದಲ್ಲಿ, ಎತ್ತರದಿಂದ ಬಿದ್ದಾಗ, ಅಪರೂಪಕ್ಕೆ ಆಟದಲ್ಲಿಯೂ ತೊಡೆಮೂಳೆ ಮತ್ತು ಮೊಣಕಾಲಿನ ಕೆಳಗಿನ ಮೂಳೆ ಒಂದರಿಂದೊಂದು ಬೇರ್ಪಡುತ್ತವೆ. ಅದೂ ಎಷ್ಟೋ ಸಲ ಆಸ್ಪತ್ರೆ ಮುಟ್ಟುವುದರೊಳಗೆ ತಾನಾಗಿ ಕೂಡಿಕೊಂಡು, ನೋಡುವವರನ್ನು ಮೋಸಗೊಳಿಸುತ್ತದೆ. ಮೊಣಕಾಲಿನ ಹಿಂದೆ ಹಾಯುವ ದೊಡ್ಡ ರಕ್ತನಾಳ ಮೇಲೆ ಕೆಳಗೆ ಎರಡೂ ಕಡೆ ಬಿಗಿಯಾಗಿ ಹಿಡಿದಿರುವುದರಿಂದ, ಮೂಳೆ ಸರಿದಾಗ ಅದು ಜಗ್ಗಿ ಹರಿಯಬಹುದು. ಸುಮಾರು 6 ಗಂಟೆಯೊಳಗೆ ರಕ್ತ ಹರಿಯುವಂತೆ ಮಾಡಬೇಕು. 8 ಗಂಟೆ ದಾಟಿದರೆ ಕಾಲು ಉಳಿಯುವ ಸಾಧ್ಯತೆ ತೀರ ಕಡಿಮೆ. ಪಾದ ತಣ್ಣಗಿದ್ದರೆ, ಬಿಳಚಿಕೊಂಡಿದ್ದರೆ, ಪಾದದ ಮೇಲ್ಭಾಗದ ನಾಡಿ ಸಿಗದಿದ್ದರೆ, ಹೆಬ್ಬೆರಳಿನ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಮೇಲಕ್ಕೆ ಎತ್ತಲಾಗದೆ ಜೋತುಬಿದ್ದರೆ, ಅಥವಾ ಮೊಣಕಾಲು ಎಲ್ಲ ದಿಕ್ಕಿಗೂ ಅಲುಗಾಡಿದರೆ, ಈ ಉತ್ತರವನ್ನು ಮುಂದೆ ಓದದೆ 108ಕ್ಕೆ ಕರೆ ಮಾಡಿ. ನಾಡಿ ಸಿಕ್ಕಿದರೂ ಧೈರ್ಯ ಬೇಡ: ನಾಳದ ಒಳಪದರ ಹರಿದು, ತಡವಾಗಿ ಹೆಪ್ಪುಗಟ್ಟಿ ಮುಚ್ಚುವುದುಂಟು. ಅದಕ್ಕಾಗಿಯೇ ಅಂಥವರನ್ನು ಆಸ್ಪತ್ರೆಯಲ್ಲಿಟ್ಟು ಪದೇ ಪದೇ ನೋಡುತ್ತಾರೆ.

ತಮ್ಮನದು ಚಿಪ್ಪೇ ಆಗಿದ್ದರೆ, ನೀವು ಬರೆದ ಲಕ್ಷಣಗಳನ್ನು ನೋಡಿದರೆ ಹಾಗೆಯೇ ಅನಿಸುತ್ತದೆ, ನಾಳೆಯೇ ಮೂಳೆ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಕಾಲು ನೇರವಾಗಿಟ್ಟು ದಿಂಬಿನ ಮೇಲೆ ಎತ್ತರಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹೊತ್ತಿಗೆ 15ರಿಂದ 20 ನಿಮಿಷ ಇಡಿ. ಎದುರಿನಿಂದ ಮತ್ತು ಮಗ್ಗುಲಿನಿಂದ ತೆಗೆಯುವ ಎಕ್ಸ್‌ರೇಯ ಜೊತೆಗೆ ಮೊಣಕಾಲು ಮಡಚಿ ಚಿಪ್ಪು ಮತ್ತು ಕಚ್ಚು ಕಾಣುವಂತೆ ತೆಗೆಯುವ ಸ್ಕೈಲೈನ್ ಎಕ್ಸ್‌ರೇಯನ್ನೂ ಕೇಳಿ. ಸಣ್ಣ ಚೂರು ಹಲವು ಸಲ ಅದರಲ್ಲಿಯೇ ಸಿಕ್ಕಿಬೀಳುತ್ತದೆ. ಊತ ಬಹಳವಿದ್ದರೆ ಸೂಜಿಯಿಂದ ರಕ್ತ ತೆಗೆಯುತ್ತಾರೆ, ಅದಕ್ಕೆ ಹೆದರಬೇಕಿಲ್ಲ. ತೆಗೆದ ರಕ್ತದ ಮೇಲೆ ಜಿಡ್ಡಿನ ಹನಿಗಳು ತೇಲಿದರೆ ಒಳಗೆ ಎಲ್ಲೋ ಮೂಳೆ ಒಡೆದಿದೆ ಎಂಬ ಸುಳಿವು, ಆಗ ಎಂಆರ್‌ಐಗೆ ಹಿಂಜರಿಯಬಾರದು. ಚೂರು ಇಲ್ಲವೆಂದಾದರೆ ಮೊದಲ ಸಲದ ಪೆಟ್ಟಿಗೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ನೋವು ತಗ್ಗುವವರೆಗೆ, ಸಾಮಾನ್ಯವಾಗಿ ಕೆಲವೇ ವಾರ, ಬಿಚ್ಚಿ ಹಾಕಲು ಬರುವ ಬ್ರೇಸ್ ಸಾಕು. ತಿಂಗಳುಗಟ್ಟಲೆ ಪ್ಲಾಸ್ಟರ್ ಇರಲಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳಿ.

ನಿಜವಾದ ಚಿಕಿತ್ಸೆ ಫಿಸಿಯೋಥೆರಪಿ. ನಮ್ಮ ಕಡೆ ಅದನ್ನು ಪೆಟ್ಟಿಗೆಯಿಂದ ಕರೆಂಟು ಕೊಡುವುದು ಎಂದಷ್ಟೇ ತಿಳಿದಿರುತ್ತಾರೆ. ಕರೆಂಟಿನಿಂದ ತೊಡೆ ದಪ್ಪವಾಗುವುದಿಲ್ಲ, ವ್ಯಾಯಾಮದಿಂದ ಆಗುತ್ತದೆ. ಮೊದಲ ದಿನಗಳಲ್ಲಿಯೇ ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುತ್ತ ತೊಡೆಯನ್ನು ಬಿಗಿಹಿಡಿಯಬೇಕು. ಬಳಿಕ ಕಾಲು ನೇರವಾಗಿಟ್ಟು ಮೇಲೆತ್ತುವುದು, ಮಗ್ಗುಲಾಗಿ ಮಲಗಿ ಸೊಂಟದ ಸ್ನಾಯುವಿಗಾಗಿ ಕಾಲೆತ್ತುವುದು, ಆಮೇಲೆ ಅರ್ಧ ಬೈಠಕ್, ಮೆಟ್ಟಿಲು. ಸೊಂಟದ ವ್ಯಾಯಾಮವನ್ನು ಬಿಟ್ಟುಬಿಡುವವರೇ ಹೆಚ್ಚು. ಆ ಸ್ನಾಯು ಬಲವಾಗಿದ್ದರೆ ಮಾತ್ರ ಮೊಣಕಾಲು ಒಳಕ್ಕೆ ವಾಲುವುದು ನಿಲ್ಲುತ್ತದೆ, ಚಿಪ್ಪನ್ನು ಹೊರಕ್ಕೆ ತಳ್ಳುವುದೇ ಆ ವಾಲುವಿಕೆ.

ಎರಡನೆಯ ಸಲ ತಪ್ಪಿದರೆ ಮಾತು ಬೇರೆ. ಆಮೇಲೆ ಮತ್ತೆ ತಪ್ಪುವ ಸಂಭವ ಅರ್ಧಕ್ಕರ್ಧದಷ್ಟಾಗುತ್ತದೆ. ಕಚ್ಚು ಹುಟ್ಟಿನಿಂದಲೇ ಆಳವಿಲ್ಲದಿದ್ದರೆ ಅಥವಾ ಚಿಪ್ಪು ಮೇಲೆ ಕುಳಿತಿದ್ದರೆ ಇನ್ನೂ ಹೆಚ್ಚು. ನನಗೆ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಎಂಪಿಎಫ್‌ಎಲ್ ಕಟ್ಟಿದರು, ಮುಂದೆ ಚಿಪ್ಪು ಸರಿಯಲಿಲ್ಲ. ಆದರೆ ಚೂರು ಎದ್ದ ಜಾಗದಲ್ಲಿ ಮೆಟ್ಟಿಲು ಇಳಿಯುವಾಗಿನ ನೋವು ಇವತ್ತಿಗೂ ಇದೆ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಿ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಉಳಿದವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ, ಆದ್ದರಿಂದ ಬಾಗಲಕೋಟೆಯ ನವನಗರದ ಜಿಲ್ಲಾ ಆಸ್ಪತ್ರೆಗೆ ಮೊದಲು ಹೋಗುವುದು ವಾಸಿ.

ಈ ವರ್ಷದ ಪಂದ್ಯಗಳಿಗೆ ತಮ್ಮನ ಹೆಸರನ್ನು ಕೊಡಬೇಡಿ, ಅವನು ಎಷ್ಟೇ ಗೋಗರೆದರೂ. ನೋವಿಲ್ಲ ಎಂಬುದು ಅಂಕಣಕ್ಕಿಳಿಯಲು ಸಾಕಾಗುವ ಕಾರಣವಲ್ಲ. ಮೂರು ತಿಂಗಳಾದರೂ ಕಳೆದಿರಬೇಕು, ಟೇಪಿನಿಂದ ಅಳೆದರೆ ಎರಡೂ ತೊಡೆಗಳ ಸುತ್ತಳತೆ ಸಮವಾಗಿರಬೇಕು, ಪೆಟ್ಟಾದ ಒಂದೇ ಕಾಲಿನ ಮೇಲೆ ಕುಪ್ಪಳಿಸಿ ಅಳುಕದೆ ನಿಲ್ಲಲು ಬರಬೇಕು, ಮತ್ತು ವೈದ್ಯರು ಚಿಪ್ಪನ್ನು ಹೊರಕ್ಕೆ ಒತ್ತಿದಾಗ ಅವನು ಬೆಚ್ಚಿ ಅವರ ಕೈ ಹಿಡಿಯಬಾರದು.